ಸೋಮವಾರದ ಪೆಟ್ಟು

ನೀರುಗಂಟಿ ಉಚ್ಚಂಗೆಪ್ಪ ಕುಡಿಯುವವನಲ್ಲ. ಊರಿನಲ್ಲಿ ಅದು ಎಲ್ಲರಿಗೂ ಗೊತ್ತು. ಆದರೂ 1988ರ ಮಾರ್ಚ್ ಮೊದಲ ವಾರದಲ್ಲಿ ಆತ ಹಾಡಹಗಲೇ ನಾಲೆಯ ಏರಿಯ ಮೇಲೆ ತೂರಾಡುತ್ತ ನಡೆದದ್ದನ್ನು ಮೂವರು ನೋಡಿದರು. ಮೂವರೂ ಒಂದೇ ತೀರ್ಮಾನಕ್ಕೆ ಬಂದರು.

ಊರು ಇರುವುದು ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯ ಅಚ್ಚುಕಟ್ಟಿನಲ್ಲಿ. ಕೆರೆಯ ನಾಲೆಯಿಂದ ಒಡೆದ ಕವಲೊಂದು ಊರಿನ ಗದ್ದೆಗಳಿಗೆ ಹರಿಯುತ್ತದೆ. ಬೇಸಿಗೆ ಬೆಳೆಗೆ ನೀರು ಸರದಿಯ ಮೇಲೆ. ಇವತ್ತು ಒಬ್ಬರಿಗೆ, ನಾಳೆ ಇನ್ನೊಬ್ಬರಿಗೆ. ಸರದಿ ನೋಡಿ ತೂಬಿನ ಬಾಗಿಲು ಎತ್ತುವವನು, ಇಳಿಸುವವನು ನೀರುಗಂಟಿ. ಉಚ್ಚಂಗೆಪ್ಪ ಹದಿನಾಲ್ಕು ವರ್ಷದಿಂದ ದಿನಗೂಲಿಯ ಮೇಲೆ ಈ ಕೆಲಸ ಮಾಡುತ್ತಿದ್ದ. ಆ ವರ್ಷ ಕೆಲಸ ಕಾಯಂ ಆಗುವವರ ಪಟ್ಟಿಯಲ್ಲಿ ಅವನ ಹೆಸರೂ ಇತ್ತು.

ತೂರಾಡುವುದನ್ನು ನೋಡಿದವರಲ್ಲಿ ಒಬ್ಬರು ಮಲ್ಲೇಶಪ್ಪ. ಕವಲಿನ ಕೊನೆಯಲ್ಲಿ ಗದ್ದೆ ಇರುವವರು. ಅಡಿಕೆ, ತರಕಾರಿ ಸಾಗಿಸಲು ಒಂದು ಮೆಟಡಾರ್ ಇಟ್ಟುಕೊಂಡವರು. ಸೋಮವಾರ ಸಂಜೆ ಅವರು ಉಚ್ಚಂಗೆಪ್ಪನ ಮನೆ ಮುಂದೆ ನಿಂತು ಅವನ ಹೆಂಡತಿ ಕರಿಬಸಮ್ಮನನ್ನು ಕರೆದರು.

"ಏನವ್ವಾ ಕರಿಬಸಮ್ಮ, ನಿನ್ ಗಂಡ ನಾಲೆ ನೀರು ಬಿಟ್ಟು ಬ್ಯಾರೆ ನೀರು ಹಿಡಿದಂಗೈತೆ?"

"ಬಿಡ್ತು ಅನ್ರಿ ಗೌಡ್ರೆ. ಬೀಡಿ ಸೈತ ಸೇದಲ್ಲ ಇವ್ರು."

"ಮತ್ತೆ ಏರಿ ಮ್ಯಾಲೆ ಹಂಗ್ಯಾಕೆ ಓಲಾಡ್ತಾನೆ? ಹೋದ ಮಂಗಳವಾರ ನನ್ನ ಸರದಿ ಇದ್ರೆ ಪಕ್ಕದ ತೂಬು ಎತ್ತವ್ನೆ. ಕೇಳಿದ್ರೆ ಹಲ್ಲು ಕಿರೀತಾನೆ."

ಕರಿಬಸಮ್ಮ ಕಂಡದ್ದು ಇನ್ನೂ ಹೆಚ್ಚು. ಹದಿನೈದು ದಿನದಿಂದ ಗಂಡ ತಲೆನೋವು ಎನ್ನುತ್ತಿದ್ದ. ಬೆಳಗ್ಗೆ ಎದ್ದಾಗ ನೋವು ಜಾಸ್ತಿ. ಊಟಕ್ಕೆ ಕೂತವನು ತುತ್ತು ಕೈಯಲ್ಲಿ ಹಿಡಿದು ತೂಕಡಿಸುತ್ತಿದ್ದ. ಮಗಳನ್ನು ತಂಗಿಯ ಹೆಸರಿನಿಂದ ಕರೆಯುತ್ತಿದ್ದ. ಒಂದು ದಿನ ಚೆನ್ನಾಗಿರುತ್ತಿದ್ದ, ಮರುದಿನ ಮಂಕು. ಎಡಗೈಯಿಂದ ಚೊಂಬು ಎರಡು ಸಲ ಜಾರಿ ಬಿದ್ದಿತ್ತು.

ಮಂಗಳವಾರ ಬೆಳಗ್ಗೆ ಅವನು ಚಾಪೆಯಿಂದ ಏಳಲು ಹೋದಾಗ ಎಡಗಾಲು ಬರಲಿಲ್ಲ.

ಸುದ್ದಿ ತಿಳಿದು ಕರಿಬಸಮ್ಮನ ತಮ್ಮ ಗೋಣೆಪ್ಪ ಓಡಿ ಬಂದ. ಅದೇ ಊರಿನಲ್ಲಿ ಅವನಿಗೆ ಅರ್ಧ ಎಕರೆ ಗದ್ದೆ. ಬರುವಾಗ ಬರಿಗೈಯಲ್ಲಿ ಬರಲಿಲ್ಲ. ಬಿದಿರು ಬುಟ್ಟಿಯೊಳಗೆ ಒಂದು ಪಾರಿವಾಳ ಇತ್ತು.

"ಲಕ್ವ ಕಣಕ್ಕ ಇದು. ಪಾರಿವಾಳದ ರಕ್ತ ಬಿಸಿ ಇರೋವಾಗ್ಲೇ ತಿಕ್ಕಬೇಕು. ನ್ಯಾಮತಿ ಕಡೇಲಿ ಒಬ್ಬ ಇದ್ರಿಂದ್ಲೇ ಎದ್ದು ಕುಂತ ಅಂತೆ."

"ಅಂತೆ ಅಂದ್ರೆ? ನೀನು ನೋಡಿದ್ದೇನೋ?"

"ನೋಡಿದ್ದೋರು ಹೇಳಿದ್ರು. ನೀನು ಒಂದು ಬಟ್ಲು ತಗಂಬಾ."

ಆ ಹೊತ್ತಿಗೆ ಅಂಜಮ್ಮ ಬೀದಿಗೆ ಬಂದಿದ್ದರು. ಅಂಜಮ್ಮ ಆರೋಗ್ಯ ಕೇಂದ್ರದ ನರ್ಸು. ಮಂಗಳವಾರ ಈ ಊರಿನಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ದಿನ. ಹೆಗಲಿಗೆ ಲಸಿಕೆಯ ಪೆಟ್ಟಿಗೆ ಇತ್ತು. ಗುಂಪು ನೋಡಿ ಒಳಗೆ ಬಂದರು. ಪೆಟ್ಟಿಗೆ ಕೆಳಗಿಟ್ಟು ಉಚ್ಚಂಗೆಪ್ಪನ ಮುಂದೆ ಕೂತರು.

"ಉಚ್ಚಂಗೆಪ್ಪ, ಎರಡೂ ಕೈ ಮುಂದೆ ಚಾಚು. ಹಂಗೇ ಹಿಡ್ಕೋ."

ಬಲಗೈ ನಿಂತಿತು. ಎಡಗೈ ನಿಧಾನವಾಗಿ ಇಳಿಯಿತು.

"ಇವತ್ತು ಯಾವ ವಾರ?"

ಉಚ್ಚಂಗೆಪ್ಪ ಯೋಚಿಸಿದ. "ಸೋಮವಾರ. ತೂಬು ಮುಚ್ಚೈತೆ," ಎಂದ.

ಗೋಣೆಪ್ಪ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಇವನನ್ನ ಈಗ್ಲೇ ಚನ್ನಗಿರಿಗೆ ಕರ್ಕೊಂಡು ಹೋಗಬೇಕು," ಅಂಜಮ್ಮ ಎದ್ದರು. "ಬಸ್ಸು ಕಾಯೋದು ಬ್ಯಾಡ."

"ನರ್ಸಮ್ಮ, ಒಂದು ಸಲ ಇದನ್ನ ತಿಕ್ಕಿ ನೋಡ್ತೀವಿ. ಬಗ್ಗದಿದ್ರೆ ಆಮ್ಯಾಲೆ—"

"ಗೋಣೆಪ್ಪ, ತೂಬಿನ ಬಾಗ್ಲು ಒಳಗೆ ಸಿಕ್ಕಂಡ್ರೆ ಹೊರಗಡೆ ಏರಿಗೆ ಎಣ್ಣೆ ತಿಕ್ತೀಯೇನೋ? ಕಾಲು ಚೆನ್ನಾಗೇ ಐತೆ. ಕಾಲಿಗೆ ನಡಿ ಅಂತ ಹೇಳೋ ಜಾಗ ಕೆಟ್ಟೈತೆ. ಅದು ತಲೆಯಾಗೆ ಇರೋದು. ನಿನ್ನ ಹಕ್ಕಿ ಏನು ತಪ್ಪು ಮಾಡೈತೆ, ಬಿಡು ಅದನ್ನ."

ಊರಿನಲ್ಲಿ ನಾಲ್ಕು ಗಾಲಿಯ ಗಾಡಿ ಎಂದರೆ ಮಲ್ಲೇಶಪ್ಪನ ಮೆಟಡಾರ್ ಒಂದೇ. ಅದು ಟೊಮೆಟೊ ತುಂಬಿಕೊಂಡು ದಾವಣಗೆರೆಗೆ ಹೊರಟು ನಿಂತಿತ್ತು. ಕರಿಬಸಮ್ಮ ಹೋಗಿ ಎರಡು ಮಾತು ಹೇಳಿದಳು. ಮಲ್ಲೇಶಪ್ಪ ನಿನ್ನೆ ಆಡಿದ ಮಾತು ನೆನೆದರೋ ಏನೋ, ಬುಟ್ಟಿಗಳನ್ನು ಇಳಿಸಲು ಶುರುಮಾಡಿದರು.

ಚನ್ನಗಿರಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಮಲ್ಲಿಕಾರ್ಜುನಪ್ಪ ಉಚ್ಚಂಗೆಪ್ಪನನ್ನು ಅರ್ಧ ತಾಸು ಪರೀಕ್ಷೆ ಮಾಡಿದರು. ರಕ್ತದ ಒತ್ತಡ ಸರಿಯಾಗಿತ್ತು. ಸಕ್ಕರೆ ಕಾಯಿಲೆ ಇರಲಿಲ್ಲ. ಟಾರ್ಚ್ ಬಿಟ್ಟು ಕಣ್ಣು ನೋಡಿದರು. ಪಾದದ ಅಡಿ ಗೀರಿ ನೋಡಿದರು. ಆಮೇಲೆ ಕೇಳಿದರು:

"ತಲೆಗೆ ಏನಾದ್ರೂ ಪೆಟ್ಟು ಬಿದ್ದಿತ್ತೇನಮ್ಮ? ಒಂದು ತಿಂಗಳು, ಎರಡು ತಿಂಗಳ ಹಿಂದೆ ಆದ್ರೂ ಸೈ. ಸಣ್ಣದಾದ್ರೂ ಸೈ."

"ಇಲ್ರೀ ಡಾಕ್ಟ್ರೆ. ಹಂಗೇನೂ ಇಲ್ಲ."

"ಮನೇಲಿ ಬೇರೆ ಯಾರಿಗಾದ್ರೂ ಗೊತ್ತಾ?"

ಬಾಗಿಲ ಬಳಿ ಗೋಣೆಪ್ಪ ನಿಂತಿದ್ದ. ಅವನ ಹಿಂದೆ ಮಲ್ಲೇಶಪ್ಪ. ಗೋಣೆಪ್ಪ ನೆಲ ನೋಡಿದ. "ಇಲ್ರೀ," ಎಂದ.

ಜೊತೆಗೆ ಬಂದಿದ್ದ ಅಂಜಮ್ಮನಿಗೆ ಆಗ ಒಂದು ವಿಷಯ ನೆನಪಿಗೆ ಬಂತು. "ಡಾಕ್ಟ್ರೇ, ಶಿವರಾತ್ರಿಗೆ ಇನ್ನೂ ಎರಡು ವಾರ ಇತ್ತು. ಲಸಿಕೆಗೆ ಅಂತ ಹೋಗಿದ್ದೆ. ಅವತ್ತು ಇವನು ಟವಲ್ಲು ಕಿವಿ ಮುಚ್ಚೋ ಹಂಗೆ ಸುತ್ತಿದ್ದ. ಕೇಳಿದ್ದಕ್ಕೆ ಜಾಲಿ ಮುಳ್ಳು ಗೀರೈತೆ ಅಂದಿದ್ದ."

ಡಾಕ್ಟರು ಕೂದಲು ಬಿಡಿಸಿ ನೋಡಿದರು. ಬಲಗಿವಿಯ ಮೇಲೆ ಎರಡು ಬೆರಳಗಲದ ವಾಸಿಯಾದ ಗಾಯದ ಗುರುತಿತ್ತು.

"ಮುಳ್ಳು ಗೀರಿದ್ರೆ ಹಿಂಗಾಗಲ್ಲ," ಎಂದರು. "ನೋಡಮ್ಮ, ನಾನು ಬಿಡಿಸಿ ಹೇಳ್ತೀನಿ. ತಲೆ ಒಳಗೆ ರಕ್ತನಾಳ ಮುಚ್ಕೊಂಡ್ರೂ ಕೈಕಾಲು ಹಿಂಗೇ ಬಿದ್ದು ಹೋಗ್ತವೆ. ರಕ್ತ ಸೋರಿದ್ರೂ ಹಿಂಗೇ ಆಗ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣ್ತವೆ. ಒಂದಕ್ಕೆ ಕೊಡೋ ಔಷಧಿ ಇನ್ನೊಂದಕ್ಕೆ ಪ್ರಾಣಕ್ಕೆ ಕುತ್ತು."

"ಎಕ್ಸ್‌ರೇ ತಗದು ನೋಡ್ರಿ," ಮಲ್ಲೇಶಪ್ಪ ಹೇಳಿದರು.

"ಎಕ್ಸ್‌ರೇನಾಗೆ ಬುರುಡೆ ಎಲುಬು ಕಾಣ್ತದೆ ಗೌಡ್ರೆ, ಒಳಗಿರೋ ಮಿದುಳು ಕಾಣಲ್ಲ. ಅದನ್ನ ನೋಡಾಕೆ ಈಗ ಒಂದು ಯಂತ್ರ ಬಂದೈತೆ. ಸಿ.ಟಿ. ಸ್ಕ್ಯಾನ್ ಅಂತಾರೆ. ನಮ್ಮ ಕಡೆ ಎಲ್ಲೂ ಇಲ್ಲ. ಬೆಂಗಳೂರಿಗೇ ಹೋಗಬೇಕು."

"ಹಂಗಾರೆ ಕಳಿಸಿ ಬಿಡ್ರಿ," ಕರಿಬಸಮ್ಮ ಹೇಳಿದಳು.

"ಎಂಟು ತಾಸಿನ ದಾರಿ. ಇದು ಬರೀ ಲಕ್ವ ಆಗಿದ್ರೆ ಅಷ್ಟು ದೂರ ಕುಲುಕಿಸ್ಕೊಂಡು ಹೋಗೋದು ಒಳ್ಳೇದಲ್ಲ. ಇಲ್ಲೇ ಇಟ್ಕೊಂಡು ನೋಡ್ತೀನಿ. ಪೆಟ್ಟು ಬಿದ್ದಿತ್ತು ಅಂದ್ರೆ ಮಾತು ಬೇರೆ. ಆಗ ಒಂದು ತಾಸೂ ಇಲ್ಲಿರಬಾರದು. ಒಳಗೆ ರಕ್ತ ತುಂಬ್ತಾ ಮಿದುಳನ್ನ ಒತ್ತುತಿರ್ತದೆ. ಇವತ್ತು ಕಾಲು ಹೋಗೈತೆ. ನಾಳೆ ಎಚ್ಚರ ಹೋಗಬಹುದು. ಆಮ್ಯಾಲೆ ಯಾರೂ ಏನೂ ಮಾಡಾಕಾಗಲ್ಲ. ಅದಕ್ಕೇ ಕೇಳ್ತಿರೋದು. ಪೆಟ್ಟು ಬಿದ್ದಿತ್ತಾ, ಇಲ್ಲವಾ?"

ಮಂಚದ ಮೇಲೆ ಉಚ್ಚಂಗೆಪ್ಪ ಗೊರಕೆ ಹೊಡೆಯತೊಡಗಿದ್ದ. ಕರಿಬಸಮ್ಮ ಅವನ ಭುಜ ಅಲುಗಿಸಿದಳು. ಅವನು ಕಣ್ಣು ತೆರೆಯಲು ಎರಡು ಸಲ ಅಲುಗಿಸಬೇಕಾಯಿತು.

"ಬಿದ್ದಿತ್ತು," ಗೋಣೆಪ್ಪ ಹೇಳಿದ.

ಕರಿಬಸಮ್ಮ ತಿರುಗಿ ನೋಡಿದಳು.

"ತೂಬಿನ ಹ್ಯಾಂಡ್ಲು ಬಡೀತು ಡಾಕ್ಟ್ರೆ. ಬಾಗ್ಲು ಎತ್ತೋವಾಗ ಕೊಂಡಿ ಜಾರಿ ಹ್ಯಾಂಡ್ಲು ಗಿರ್ರ್ ಅಂತ ಹಿಂದಕ್ಕೆ ತಿರುಗಿತು. ಭಾವ ಕುಸಿದು ಕುಂತ. ನಾನೇ ಮುಖಕ್ಕೆ ನೀರು ಹಾಕ್ದೆ. ಒಂದು ಗಳಿಗೆಗೆ ಎದ್ದ. ಏನೂ ಆಗಿಲ್ಲ ಅಂದ. ಮನೆಗೆ ನಡಕಂಡೇ ಹೋದ. ಅದು ಐದು ವಾರದ ಮಾತು ಡಾಕ್ಟ್ರೆ. ಅವತ್ತು ಆಗದಿದ್ದು ಇವತ್ತು ಹೆಂಗಾಗ್ತೈತೆ ಅಂತ ನಾನು..."

"ಯಾವ ದಿನ?" ಡಾಕ್ಟರು ಬರೆದುಕೊಳ್ಳುತ್ತಿದ್ದರು.

ಉತ್ತರ ಬಂದದ್ದು ಬಾಗಿಲಿನಿಂದ.

"ಸೋಮವಾರ," ಎಂದರು ಮಲ್ಲೇಶಪ್ಪ.

ಆ ಊರಿನಲ್ಲಿ ಸೋಮವಾರ ಯಾರೂ ಎತ್ತು ಹೂಡುವುದಿಲ್ಲ. ಬಸವಣ್ಣನಿಗೆ ಬಿಡುವು ಕೊಡುವ ದಿನ. ಗದ್ದೆಗೆ ಯಾರೂ ಹೋಗುವುದಿಲ್ಲ, ಆದ್ದರಿಂದ ಅಂದು ತೂಬನ್ನೂ ಮುಚ್ಚಿರುತ್ತಾರೆ. ಕವಲಿನಲ್ಲಿ ನಿಂತ ನೀರು ಮಂಗಳವಾರ ಬೆಳಗ್ಗೆ ಕೊನೆಯ ಗದ್ದೆಗೆ, ಅಂದರೆ ಮಲ್ಲೇಶಪ್ಪನವರಿಗೆ. ಫೆಬ್ರವರಿ ಒಂದನೇ ತಾರೀಕಿನ ಸೋಮವಾರ ಮಧ್ಯಾಹ್ನ, ಏರಿಯ ಮೇಲೆ ನರಪಿಳ್ಳೆ ಇಲ್ಲದ ಹೊತ್ತಿನಲ್ಲಿ, ಗೋಣೆಪ್ಪನ ಒಣಗುತ್ತಿದ್ದ ಸಸಿಮಡಿಗೆಂದು ಉಚ್ಚಂಗೆಪ್ಪ ಎರಡು ತಾಸು ತೂಬು ಎತ್ತಿದ್ದ. ಸರದಿ ತಪ್ಪಿ ನೀರು ಬಿಟ್ಟದ್ದು ಹೊರಗೆ ಬಂದರೆ ಕಾಯಂ ಪಟ್ಟಿಯಿಂದ ಹೆಸರು ಹೋಗುತ್ತದೆ. ಆದ್ದರಿಂದ ಪೆಟ್ಟು ಜಾಲಿ ಮುಳ್ಳಾಯಿತು.

"ಮಂಗಳವಾರ ನೀರೇ ಬರಲಿಲ್ಲ ಅಂತ ಹೆಗ್ಗಣದ ಬಿಲ ಹುಡುಕಿದ್ನಲ್ಲೋ ನಾನು," ಮಲ್ಲೇಶಪ್ಪ ನಿಧಾನವಾಗಿ ಹೇಳಿದರು. "ಇಡೀ ದಿನ ಏರಿಗೆ ಮಣ್ಣು ಮೆತ್ತಿದೆ. ನನ್ನ ಜತೆ ನೀನೂ ಮಣ್ಣು ಹೊತ್ತೆಯಲ್ಲೋ, ಎರಡು ಕಾಲಿನ ಹೆಗ್ಗಣ!"

"ಗೌಡ್ರೆ, ತಪ್ಪಾತು. ಕೆಲಸ ಕಳೀಬ್ಯಾಡ್ರಿ ಭಾವಂದು. ಕೇಳಿದ್ದು ನಾನು."

"ಕೆಲಸ! ಮನುಷ್ಯನೇ ಹೋಗ್ತಾ ಅವ್ನೆ, ಇವನಿಗೆ ಕೆಲಸದ ಚಿಂತೆ." ಮಲ್ಲೇಶಪ್ಪ ಡಾಕ್ಟರ ಕಡೆ ತಿರುಗಿದರು. "ಬೆಂಗಳೂರಿಗೆ ಎಷ್ಟೊತ್ತಿಗೆ ಬಿಡಬೇಕು?"

"ಈಗ."

"ನೀರಿನ ಮಾತು ಆಮ್ಯಾಲೆ. ಹತ್ತಿಸ್ರಿ ಅವನನ್ನ."

ಡಾಕ್ಟರು ಬೆಂಗಳೂರಿನ ಆಸ್ಪತ್ರೆಗೆ ಟ್ರಂಕ್ ಕಾಲ್ ಬುಕ್ ಮಾಡಿ ವಿಷಯ ತಿಳಿಸಿದರು. ಪೆಟ್ಟು ಬಿದ್ದ ದಿನ, ಜಾಗ, ಆಮೇಲಿನ ಲಕ್ಷಣಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ದಾರಿಯಲ್ಲಿ ಏನೂ ತಿನ್ನಿಸಬಾರದು, ಕುಡಿಸಬಾರದು ಎಂದರು. ತಲೆಯ ಭಾಗ ಸ್ವಲ್ಪ ಎತ್ತರದಲ್ಲಿರಲಿ, ವಾಂತಿ ಬಂದರೆ ಮಗ್ಗುಲಿಗೆ ತಿರುಗಿಸಿ ಎಂದರು. ಅಂಜಮ್ಮ ಲಸಿಕೆ ಪೆಟ್ಟಿಗೆಯನ್ನು ಆಸ್ಪತ್ರೆಯಲ್ಲಿ ಒಪ್ಪಿಸಿ ಗಾಡಿ ಹತ್ತಿದರು.

ಹತ್ತೂವರೆಗೆ ಹೊರಟರು. ಚಿತ್ರದುರ್ಗ ದಾಟುವಾಗ ಉಚ್ಚಂಗೆಪ್ಪ ಕರೆದರೆ ಓಗೊಡುತ್ತಿದ್ದ. ತುಮಕೂರಿಗೆ ಬರುವ ಹೊತ್ತಿಗೆ ಕರೆದರೆ ಬರೀ ಹೂಂ ಎನ್ನುತ್ತಿದ್ದ. ಅಂಜಮ್ಮ ಅರ್ಧ ಅರ್ಧ ತಾಸಿಗೆ ಅವನ ಕಣ್ಣು ನೋಡಿ, ನಾಡಿ ಹಿಡಿದು, ಡಾಕ್ಟರ ಹಾಳೆಯ ಹಿಂದೆ ಬರೆಯುತ್ತಿದ್ದರು. ಸಂಜೆ ಆರಕ್ಕೆ ಬೆಂಗಳೂರು ಮುಟ್ಟಿದರು.

ಸ್ಕ್ಯಾನ್ ಕೋಣೆಯ ಬಾಗಿಲಿನಿಂದ ಕರಿಬಸಮ್ಮ ಯಂತ್ರವನ್ನು ನೋಡಿದಳು. ಗೋಡೆಯಂಥ ಒಂದು ದೊಡ್ಡ ಪೆಟ್ಟಿಗೆ. ನಡುವೆ ಬಾವಿಯ ಬಾಯಿಯಂಥ ತೂತು. ಮುಂದೆ ಒಂದು ಮಂಚ.

"ಅದರೊಳಗೆ ತುರುಕ್ತಾರೇನ್ರಿ?" ಎಂದಳು.

"ಕರೆಂಟ್ ಕೊಡ್ತಾರಾ?" ಎಂದ ಗೋಣೆಪ್ಪ.

ಯಂತ್ರ ನಡೆಸುವವರು ಇಂಥ ಪ್ರಶ್ನೆಗಳನ್ನು ದಿನವೂ ಕೇಳುವವರು. "ಕರೆಂಟ್ ಮೈಗೆ ತಾಕಲ್ಲ. ಸೂಜಿ ಚುಚ್ಚಲ್ಲ. ತಲೆ ಮಾತ್ರ ಒಳಗೆ ಹೋಗುತ್ತೆ. ಸುತ್ತಲಿಂದ ಎಕ್ಸ್‌ರೇ ಕಿರಣ ಬಿಡ್ತೀವಿ, ಕಂಪ್ಯೂಟರ್ ಅದನ್ನೆಲ್ಲ ಸೇರಿಸಿ ಚಿತ್ರ ಮಾಡುತ್ತೆ. ಸೌತೆಕಾಯಿನ ಬಿಲ್ಲೆ ಬಿಲ್ಲೆ ಹೆಚ್ಚಿ ನೋಡಿದ ಹಾಗೆ, ಆದರೆ ಹೆಚ್ಚದೇನೇ. ಅವರು ಅಲುಗಾಡಬಾರದು, ಅಷ್ಟೆ," ಎಂದರು.

ಇಪ್ಪತ್ತು ನಿಮಿಷ ಹಿಡಿಯಿತು. ಅಲ್ಲಿನ ಡಾಕ್ಟರು ಚಿತ್ರದ ಹಾಳೆಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಕರಿಬಸಮ್ಮನನ್ನು ಒಳಗೆ ಕರೆದರು. ಹಾಳೆಯ ಮೇಲೆ ಬಿಳಿ ಅಂಚಿನ ಮೊಟ್ಟೆಯಂಥ ಚಿತ್ರಗಳು ಸಾಲಾಗಿದ್ದವು. ಬಿಳಿ ಅಂಚು ಬುರುಡೆ. ಒಳಗಿನ ಬೂದು ಬಣ್ಣ ಮಿದುಳು. ಬಲಭಾಗದಲ್ಲಿ ಎರಡರ ನಡುವೆ ಬಿದಿಗೆ ಚಂದ್ರನಂತೆ ಬಾಗಿದ ಒಂದು ಕಪ್ಪು ಪಟ್ಟಿ ಇತ್ತು.

"ಇದು ಹಳೆಯ ರಕ್ತ," ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. "ಪೆಟ್ಟು ಬಿದ್ದ ದಿನ ಒಂದು ಸಣ್ಣ ನಾಳ ಹರಿದಿದೆ. ಆಮೇಲೆ ಇಷ್ಟಿಷ್ಟೇ ಸೇರಿಕೊಂಡಿದೆ. ಮಿದುಳನ್ನು ಬಲದಿಂದ ಎಡಕ್ಕೆ ಎಷ್ಟು ತಳ್ಳಿದೆ ನೋಡಿ. ಮಿದುಳಿನ ಬಲಭಾಗ ಎಡಗೈ, ಎಡಗಾಲನ್ನು ನಡೆಸುತ್ತದೆ. ಅದಕ್ಕೇ ಆ ಕಡೆ ಬಿದ್ದುಹೋಗಿದೆ. ಇವರಿಗೆ ಆಗಿರುವುದು ಲಕ್ವ ಅಲ್ಲ."

"ಮಾತ್ರೆಗೆ ಕರಗ್ತೈತಾ?"

"ಇಷ್ಟು ಒತ್ತಿದ ಮೇಲೆ ಮಾತ್ರೆಗೆ ಕಾಯುವ ಹಾಗಿಲ್ಲ. ಬುರುಡೆಗೆ ಸಣ್ಣ ತೂತು ಕೊರೆದು ಹೊರಗೆ ಬಿಡಬೇಕು. ಎಲ್ಲಿ ಕೊರೆಯಬೇಕು ಅನ್ನೋದನ್ನು ಈ ಚಿತ್ರವೇ ಹೇಳುತ್ತದೆ."

ಕರಿಬಸಮ್ಮ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಶಸ್ತ್ರಚಿಕಿತ್ಸೆ ಆ ರಾತ್ರಿಯೇ ಆಯಿತು. ಬಂದ ದ್ರವವನ್ನು ನರ್ಸೊಬ್ಬರು ಬಾಟಲಿಯಲ್ಲಿ ತೋರಿಸಿದಾಗ ಮಲ್ಲೇಶಪ್ಪ ಹೇಳಿದರು, "ನನ್ನ ಗಾಡಿಯಿಂದ ಇಳಿಸೋ ಹಳೇ ಆಯಿಲು ಇದ್ದಂಗೈತೆ."

ಮೂರನೆಯ ದಿನ ಉಚ್ಚಂಗೆಪ್ಪ ಎಡಗೈಯಿಂದ ಲೋಟ ಹಿಡಿದ. ಎದುರಿಗೆ ಮಲ್ಲೇಶಪ್ಪ ಕೂತಿದ್ದರು. ಊರಿಗೆ ಹೋಗಿ ಮತ್ತೆ ಬಂದಿದ್ದರು.

"ಇವತ್ತು ಯಾವ ವಾರ ಹೇಳು ನೋಡಾನ?" ಎಂದರು.

"ಶುಕ್ರವಾರ," ಎಂದ ಉಚ್ಚಂಗೆಪ್ಪ. ಲೋಟ ಕೆಳಗಿಟ್ಟು, "ಗೌಡ್ರೆ, ಆ ಸೋಮವಾರ ನಾನು..." ಎಂದ.

"ಗೊತ್ತಾತು, ಬಿಡು. ನಿನ್ನ ಬಾಯಿಂದ ಕೇಳಿದ್ನಲ್ಲ, ಸಾಕು."

ಹನ್ನೆರಡು ದಿನಕ್ಕೆ ಅವನು ನಡೆದುಕೊಂಡೇ ಮನೆಗೆ ಬಂದ. ಬಂದ ವಾರದಲ್ಲೇ ನೀರಾವರಿ ಕಚೇರಿಗೆ ಹೋಗಿ ಆದದ್ದನ್ನು ತಾನೇ ಹೇಳಿದ. ಆ ವರ್ಷದ ಪಟ್ಟಿಯಿಂದ ಅವನ ಹೆಸರು ತೆಗೆದರು. ಮರುವರ್ಷದ ಪಟ್ಟಿಯಲ್ಲಿ ಸೇರಿಸಿದರು. ಗೋಣೆಪ್ಪ ತನ್ನ ಒಂದು ಸರದಿ ನೀರನ್ನು ಮಲ್ಲೇಶಪ್ಪನ ಗದ್ದೆಗೆ ಬಿಟ್ಟುಕೊಟ್ಟ. ಬುಟ್ಟಿಯಿಂದ ಬಿಟ್ಟ ಪಾರಿವಾಳ ಹಾರಿಹೋಗದೆ ಉಚ್ಚಂಗೆಪ್ಪನ ಮನೆಯ ಜಂತೆಯಲ್ಲೇ ಗೂಡು ಮಾಡಿತು. ಅದು ಗಲೀಜು ಮಾಡುತ್ತದೆ ಎಂದು ಕರಿಬಸಮ್ಮ ತಮ್ಮನನ್ನು ಈಗಲೂ ಬೈಯುತ್ತಾಳೆ.

ಗೋಣೆಪ್ಪನ ಪ್ರಶ್ನೆ ತಪ್ಪು ಪ್ರಶ್ನೆಯಲ್ಲ. "ಅವತ್ತು ಆಗದಿದ್ದು ಇವತ್ತು ಹೆಂಗಾಗ್ತೈತೆ?" ಎಂದು ನೀವೂ ಕೇಳಬಹುದು. ಆಗುತ್ತದೆ. ತಲೆಗೆ ಬಿದ್ದ ಪೆಟ್ಟು ಕೆಲವರಲ್ಲಿ ಕೆಲವೇ ತಾಸಿನಲ್ಲಿ, ಕೆಲವರಲ್ಲಿ ಕೆಲವು ವಾರಗಳ ಮೇಲೆ ಪ್ರಾಣಕ್ಕೆ ಬರುತ್ತದೆ. ಎದ್ದು ನಡೆದರು, ಊಟ ಮಾಡಿದರು ಎಂದ ಮಾತ್ರಕ್ಕೆ ಅಪಾಯ ದಾಟಿತು ಎಂದು ಅರ್ಥವಲ್ಲ. ವಯಸ್ಸಾದವರಲ್ಲಿ ಸಣ್ಣ ಪೆಟ್ಟೂ ಹೀಗೆ ಮಾಡಬಲ್ಲದು.

ಆದ್ದರಿಂದ ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಪೆಟ್ಟು ಬಿದ್ದವರಿಗೆ ತಲೆನೋವು ಹೆಚ್ಚುತ್ತ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ ಎಳೆದರೆ, ಮಾತು ತೊದಲಿದರೆ, ಒಂದು ಪಕ್ಕದ ಕೈಕಾಲು ಸೋತರೆ, ಫಿಟ್ಸ್ ಬಂದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಪೆಟ್ಟೇ ಬೀಳದೆ ಒಮ್ಮೆಲೇ ಬಾಯಿ ಸೊಟ್ಟಗಾದರೂ, ಕೈ ಬಿದ್ದುಹೋದರೂ ಹಾಗೆಯೇ ಮಾಡಿ. ರಕ್ತ ತಿಕ್ಕುವುದು, ಹೊಗೆ ಹಾಕುವುದು, ಅಂಗಡಿ ಮಾತ್ರೆ ನುಂಗಿಸುವುದು ಬೇಡ. ನಿದ್ದೆ ಮಾಡಿದರೆ ಸರಿಹೋಗುತ್ತದೆ ಎಂದು ಮಲಗಿಸಿ ಬಿಡಬೇಡಿ.

ಪ್ರತಿ ತಲೆನೋವಿಗೂ ಸಿ.ಟಿ. ಸ್ಕ್ಯಾನ್ ಬೇಕಾಗಿಲ್ಲ. ಅದರಲ್ಲಿ ಬಳಸುವುದು ಎಕ್ಸ್‌ರೇ ಕಿರಣವಾದ್ದರಿಂದ ಸುಮ್ಮನೆ ಮಾಡಿಸಲೂಬಾರದು. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಬೇಕು. ಯಾರಿಗೆ ಬೇಕು ಎನ್ನುವುದನ್ನು ಡಾಕ್ಟರು ಹೇಳುತ್ತಾರೆ. ಬೇಕು ಎಂದಾಗ ಹೆದರಬೇಡಿ, ಮುಂದಕ್ಕೆ ಹಾಕಬೇಡಿ.

ಆ ಯಂತ್ರ ಬುರುಡೆಯೊಳಗಿನದನ್ನು ತೋರಿಸುತ್ತದೆ. ಆದರೆ ರೋಗಿಯನ್ನು ಅದರ ಬಾಗಿಲವರೆಗೆ ಮುಟ್ಟಿಸುವುದು ಮನೆಯವರು ಹೇಳುವ ನಿಜ. ಪೆಟ್ಟು ಎಲ್ಲಿ ಬಿತ್ತು, ಯಾವತ್ತು ಬಿತ್ತು, ಏನು ಮಾಡುವಾಗ ಬಿತ್ತು, ಎಲ್ಲವನ್ನೂ ಹೇಳಿ. ಜಗಳದಲ್ಲಿ ಬಿದ್ದದ್ದಾದರೂ ಹೇಳಿ. ಕುಡಿದು ಬಿದ್ದದ್ದಾದರೂ ಹೇಳಿ. ಸೋಮವಾರ ಕದ್ದು ತೂಬು ಎತ್ತುವಾಗ ಬಿದ್ದದ್ದಾದರೂ ಹೇಳಿ.